ಮೋರೇರ ಮನೆಯ ಬಾಗಿಲಲ್ಲಿ

ಸುರಪುರದ ಸೀಮೆಯಲ್ಲಿ ಒಂದು ಕಾಲಕ್ಕೆ ಕುಳ್ಳರ ಕುಲವೊಂದು ಬಾಳಿತ್ತು ಎಂದು ಜನ ಹೇಳುತ್ತಿದ್ದರು. ಮೋರೇರು ಎಂದು ಅವರ ಹೆಸರು. ಆಳು ಗಿಡ್ಡ, ತೋಳಿನ ಬಲ ಮಾತ್ರ ಅಪಾರ. ಅವರ ಮನೆಗಳೆಂದು ಜನ ತೋರಿಸುತ್ತಿದ್ದ ಕಲ್ಲುಗೂಡುಗಳು ರಾಜನಕೋಳೂರಿನ ಬಳಿ ಇವೆ. ಮೂರು ಕಡೆ ನಿಲ್ಲಿಸಿದ ಹಾಸುಗಲ್ಲು, ಮೇಲೊಂದು ಹಾಸುಗಲ್ಲಿನ ಮಾಳಿಗೆ. ಕೆಲವಕ್ಕೆ ನಾಲ್ಕನೆಯ ಕಲ್ಲೂ ಉಂಟು, ಅದರಲ್ಲಿ ದುಂಡನೆಯ ಕಿಂಡಿ. 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ಸುರಪುರದಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ಕುದುರೆ ಏರಿ ಈ ಸೀಮೆಯನ್ನೆಲ್ಲ ಸುತ್ತಿ ಆ ಗೂಡುಗಳನ್ನು ಅಳೆದ, ಚಿತ್ರ ಬರೆದ, ಊರವರು ಹೇಳಿದ ಕುಳ್ಳರ ಕತೆಯನ್ನೂ ಬಿಡದೆ ಬರೆದಿಟ್ಟ.

ಆ ಕತೆ ಹುಟ್ಟಿದ ಬಗೆಯನ್ನು ಯೋಚಿಸಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ಕುರಿ ಕಾಯುವವನೊಬ್ಬ, ಹೊಲಕ್ಕೆ ಹೊರಟವಳೊಬ್ಬಳು ಆ ಗೂಡಿನ ಮುಂದೆ ನಿಂತಿರಬೇಕು. ಗೋಡೆಯಿದೆ, ಮಾಳಿಗೆಯಿದೆ, ಅಂದಮೇಲೆ ಇದು ಮನೆ. ಮನೆ ಎಂದಮೇಲೆ ಒಳಗೊಬ್ಬರು ಇದ್ದಿರಲೇಬೇಕು. ಒಳಗೆ ನಮ್ಮ ಎತ್ತರದವರು ನಿಲ್ಲಲಾರರು, ಹಾಗಾಗಿ ಇದ್ದವರು ಗಿಡ್ಡರು. ಮೇಲಿನ ಕಲ್ಲನ್ನು ಎತ್ತಲು ಊರೇ ಸೇರಬೇಕು, ಹಾಗಾಗಿ ಆ ಗಿಡ್ಡರು ಬಲಶಾಲಿಗಳು. ಅವರು ನೋಡಿದ್ದು ಕಲ್ಲನ್ನು ಮಾತ್ರ, ಕಂಡುಕೊಂಡದ್ದು ಒಂದು ಇಡೀ ಕುಲವನ್ನು. ಬರಿಯ ಅಳತೆಯಿಂದ ಮನುಷ್ಯರನ್ನು ಕರೆತರುವ ಈ ಶಕ್ತಿ ಚಿಕ್ಕ ಮನೆಗಳಿಗೆ ಮಾತ್ರ ಇದೆ. ದೊಡ್ಡ ಮನೆ ನೋಡಿದರೆ ಒಡೆಯ ಯಾರು ಎಂದು ಕೇಳುತ್ತೇವೆ, ಉತ್ತರ ಸಿಕ್ಕೊಡನೆ ಮುಂದೆ ನಡೆಯುತ್ತೇವೆ. ಚಿಕ್ಕ ಮನೆಯ ಮುಂದೆ ಮಂಡಿಯೂರಿ ಕೂರುತ್ತೇವೆ.

ಈ ಮಾತು ಮನಸ್ಸಿನಲ್ಲಿ ಮತ್ತೆ ಎದ್ದದ್ದು ಶಹಾಪುರದ ನಮ್ಮ ಮನೆಗೆ ಗೊಂಬೆಮನೆಯ ಪೆಟ್ಟಿಗೆಯೊಂದು ಕೊರಿಯರ್‌ನಲ್ಲಿ ಬಂದಮೇಲೆ. ಚಪ್ಪಟೆ ಪೆಟ್ಟಿಗೆ, ತೂಕವೂ ಅಷ್ಟಕ್ಕಷ್ಟೆ. ಒಳಗೆ ತೆಳ್ಳನೆಯ ಪ್ಲೈವುಡ್ ಹಾಳೆಗಳು, ಲೇಸರ್ ಕೊರೆದ ಕಪ್ಪು ಗೆರೆಗಳು, ಗೆರೆಯ ಒಳಗೆ ಒಂದೊಂದು ತುಂಡಿಗೆ ಒಂದೊಂದು ಸಂಖ್ಯೆ. ಹೆಬ್ಬೆರಳಿನಿಂದ ಒತ್ತಿದರೆ ಚಿಟ್ ಎಂದು ಬಿಡಿಸಿಕೊಂಡು ಬರುವ ಕಿಟಕಿಯ ಚೌಕಟ್ಟು, ಮೆಟ್ಟಿಲು, ಕುರ್ಚಿಯ ಕಾಲು. ಜೊತೆಗೆ ಗೋಡೆಗೆ ಹಚ್ಚುವ ಕಾಗದ, ಒಂದಿಷ್ಟು ಬಟ್ಟೆ, ಕೂದಲಿನಂಥ ವೈರು, ಸಾಸಿವೆಯಷ್ಟು ದೀಪ, ಗುಂಡಿ ಗಾತ್ರದ ಬ್ಯಾಟರಿ. ನಿಜವಾದ ಮನೆಯ ಇಪ್ಪತ್ನಾಲ್ಕರಲ್ಲಿ ಒಂದು ಪಾಲು ಇದರ ಅಳತೆ.

ಕಟ್ಟುವ ಕ್ರಮವೇ ಬೇರೆ. ನಮ್ಮಲ್ಲಿ ಗೋಡೆ ಎದ್ದಮೇಲೆ ಗಿಲಾವು, ಗಿಲಾವಿನ ಮೇಲೆ ಸುಣ್ಣಬಣ್ಣ. ಇಲ್ಲಿ ಗೋಡೆ ಮಲಗಿರುವಾಗಲೇ ಅದರ ಬಣ್ಣ, ಚಿತ್ರ, ಕಿಟಕಿ ಎಲ್ಲ ಮುಗಿಯಬೇಕು. ವೈರು ಕಾಗದದ ಹಿಂದೆ ಅಡಗಬೇಕಾದ್ದರಿಂದ ಕಾಗದಕ್ಕೂ ಮೊದಲು ದೀಪದ ಯೋಚನೆ. ಗೋಡೆ ನಿಂತು ಇನ್ನೊಂದು ಗೋಡೆಯ ಹಲ್ಲಿಗೆ ಹಲ್ಲು ಸಿಕ್ಕಿತೆಂದರೆ ಬೆರಳು ಒಳಗೆ ಹೋಗುವುದಿಲ್ಲ. ಚಿಮಟ ಹಿಡಿದು ಉಸಿರು ಬಿಗಿಹಿಡಿದು ಪುಸ್ತಕ ಜೋಡಿಸಬೇಕು. ಪುಸ್ತಕವೆಂದರೆ ಮಡಿಚಿದ ಕಾಗದದ ಚೂರು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಫೆವಿಕಾಲ್ ಒಣಗುವತನಕ ಮೂಲೆಯನ್ನು ಹಿಡಿದು ಕೂತಿರುವಾಗ ಬೇರೆ ಏನನ್ನೂ ಮಾಡಲಾಗದು. ಆ ಹೊತ್ತಿನಲ್ಲಿ ಕಣ್ಣು ತಾನಾಗಿ ಒಳಹೊಕ್ಕು ಮೆಟ್ಟಿಲು ಹತ್ತಿ ಮಾಳಿಗೆಯ ಕೋಣೆಗೆ ಹೋಗಿಬಿಡುತ್ತದೆ.

ಮಗಳು ಮೊದಲ ಗೋಡೆ ನಿಂತಾಗಲೇ ಕೇಳಿದಳು, "ಇದ್ರಾಗ ಯಾರ್ ಇರ್ತಾರ?" ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಯಾರೂ ಇರಲಿಲ್ಲ. ಹಾಸಿಗೆ ಹಾಸಿತ್ತು, ಮೇಜಿನ ಮೇಲೆ ಬಟ್ಟಲಿತ್ತು, ದೀಪ ಉರಿಯುತ್ತಿತ್ತು, ಮನುಷ್ಯರಿಲ್ಲ. ಗೊಂಬೆಯೊಂದನ್ನು ತಂದಿಡೋಣವೇ ಎಂದು ಅಂಗಡಿಯಲ್ಲಿ ಹುಡುಕಿದೆವು. ಇಟ್ಟು ನೋಡಿದ ಪ್ಲಾಸ್ಟಿಕ್ ಗೊಂಬೆ ಅಳತೆಗೆ ಹೊಂದುವಂತೆಯೇ ಇತ್ತು. ಆದರೆ ಅದು ಕೂತೊಡನೆ ಮನೆ ಆಟಿಕೆಯಾಯಿತು. ತೆಗೆದಾಗ ಮತ್ತೆ ಮನೆಯಾಯಿತು. ಅವಳೇ ತೀರ್ಮಾನ ಹೇಳಿದಳು: ಇರುವವರು ಈಗಷ್ಟೇ ಹೊರಗೆ ಹೋಗಿದ್ದಾರೆ. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ರಾಜನಕೋಳೂರಿನ ಗೂಡಿನೊಳಗೆ ಯಾರಾದರೂ ಕಲ್ಲಿನ ಕುಳ್ಳನೊಬ್ಬನನ್ನು ಕಡೆದು ನಿಲ್ಲಿಸಿದ್ದರೆ ಮೋರೇರ ಕತೆ ಹುಟ್ಟುತ್ತಲೇ ಇರಲಿಲ್ಲ.

ಚಿಕ್ಕದು ಎಂದರೆ ದೊಡ್ಡದರ ಕುಗ್ಗಿದ ರೂಪ ಎಂದು ಮಾತ್ರ ತಿಳಿದವರಿಗೆ ಈ ಮನೆ ಎಷ್ಟೋ ಕಲಿಸುತ್ತದೆ. ಎಲ್ಲವೂ ಒಂದೇ ಲೆಕ್ಕದಲ್ಲಿ ಕುಗ್ಗುವುದಿಲ್ಲ. ಐದೂವರೆ ಅಡಿಯ ಮನುಷ್ಯ ಇಲ್ಲಿ ಎರಡೂಮುಕ್ಕಾಲು ಇಂಚು ಆಗುತ್ತಾನೆ, ಸರಿ. ತೂಕ ಮಾತ್ರ ಉದ್ದ, ಅಗಲ, ದಪ್ಪ ಮೂರೂ ಕಡೆ ಇಪ್ಪತ್ನಾಲ್ಕು ಪಟ್ಟು ಕುಗ್ಗಿ 13,824ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 60 ಕಿಲೋ ಇದ್ದವನು 4.3 ಗ್ರಾಂ. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ಮೇಲೆ ನಿಂತದ್ದು, ಅದು ಕುಗ್ಗುವುದು 576ರಲ್ಲಿ ಒಂದಕ್ಕೆ ಮಾತ್ರ. ಅಂದರೆ ತನ್ನ ತೂಕಕ್ಕೆ ಹೋಲಿಸಿದರೆ ಆ ಕಿರು ಮನುಷ್ಯ ನಮಗಿಂತ ಇಪ್ಪತ್ನಾಲ್ಕು ಪಟ್ಟು ಬಲಿಷ್ಠ. ಇರುವೆ ತನಗಿಂತ ಭಾರವಾದ ಕಾಳನ್ನು ಎಳೆದುಕೊಂಡು ಹೋಗುವುದು ಈ ಲೆಕ್ಕದಿಂದಲೇ. ಗಿಡ್ಡರಾದರೂ ಬಲಶಾಲಿಗಳು ಎಂದ ಸುರಪುರದ ಜನ ಗಣಿತ ಮಾಡಿರಲಿಲ್ಲ, ಕಲ್ಲಿನ ಜೊತೆಗೆ ಇರುವೆಯನ್ನೂ ನೋಡಿದ್ದಿರಬೇಕು. ಆ ನೋಟಕ್ಕೆ ನಾನು ಕೈ ಮುಗಿಯುತ್ತೇನೆ.

ನೀರು ಹಟಮಾರಿ. ಅಡುಗೆಮನೆಯ ಕೊಡಕ್ಕೆ ಹನಿಹಾಕುವ ನಳಿಕೆಯಿಂದ ನೀರು ತುಂಬಿಸಲು ಹೋದರೆ ಹನಿ ಬಾಯಿಯ ಮೇಲೆ ಗುಂಡಾಗಿ ಕೂತುಬಿಡುತ್ತದೆ, ಒಳಗಿಳಿಯುವುದಿಲ್ಲ. 4 ಮಿಲಿಮೀಟರಿನ ಹನಿ ಆ ಮನೆಯವರ ಕಣ್ಣಿಗೆ ಹೆಚ್ಚುಕಡಿಮೆ 10 ಸೆಂಟಿಮೀಟರಿನ ಗುಂಡು. ಅವರು ನೀರು ಕುಡಿಯಬೇಕಾದರೆ ಕಚ್ಚಿ ಕುಡಿಯಬೇಕೇನೋ. ಬಟ್ಟೆಯದು ಇನ್ನೊಂದು ಬಗೆ. ಹಳೆಯ ಸೀರೆಯ ನಯವಾದ ತುಂಡನ್ನು ಮಂಚದ ಮೇಲೆ ಹಾಸಿದರೆ ಅದು ಬಾಗದೆ ಸೆಟೆದು ನಿಲ್ಲುತ್ತದೆ. ನಮಗೆ ತೆಳ್ಳಗಿನ ಸೀರೆ ಅಲ್ಲಿ ದಪ್ಪ ಹೊದಿಕೆ. ಹಾಗಾಗಿ ಹಾಸುವ ಬಟ್ಟೆ ಎಂದು ಕತ್ತರಿಸಿದ್ದು ತಾನಾಗಿ ಕೌದಿಯಾಯಿತು. ನಾಲ್ಕು ಬಣ್ಣದ ಚೂರುಗಳನ್ನು ಹೊಲಿದು, ಅಂಚಿಗೆ ಬಿಳಿ ದಾರ ಓಡಿಸಿದಮೇಲೆ ಆ ಮಂಚಕ್ಕೆ ಅದೇ ತಕ್ಕದ್ದೆನಿಸಿತು.

ಏನೂ ಕುಗ್ಗದೆ ಪೂರ್ತಿಯಾಗಿ ಒಳಗೆ ಬರುವುದು ಒಂದೇ, ಅದು ಬೆಳಕು. ಸಂಜೆಯ ಹೊತ್ತು ಪಡುವಣ ಕಿಟಕಿಯ ಕಟ್ಟೆಯ ಮೇಲೆ ಈ ಮನೆಯನ್ನು ಇಟ್ಟರೆ ಬಿಸಿಲು ಬೆರಳುಗುರಿನಷ್ಟು ಕಿಟಕಿಯಿಂದ ನುಗ್ಗಿ ನೆಲದ ಮೇಲೆ ಚೌಕ ಬಿಡಿಸಿ, ನಿಧಾನವಾಗಿ ಗೋಡೆ ಏರುತ್ತದೆ. ದೊಡ್ಡ ಕೋಣೆಗೆ ಒಂದು ಸೂರ್ಯ, ಚಿಕ್ಕ ಕೋಣೆಗೆ ಒಂದು ಚಿಕ್ಕ ಸೂರ್ಯ ಎಂದೇನೂ ಇಲ್ಲ. ಯಾದಗಿರಿಯ ಕೋಟೆಗೆ ಬೀಳುವ ಅದೇ ಬಿಸಿಲು ಇಲ್ಲಿನ ಇಂಚಿನ ಮೆಟ್ಟಿಲಿಗೂ ಬೀಳುತ್ತದೆ, ಅದೇ ಕೋನ, ಅದೇ ನೆರಳಿನ ಅಂಚು. ಪೆಟ್ಟಿಗೆಯ ಜೊತೆ ಬಂದ ದೀಪ ಇದರ ಮುಂದೆ ಏನೂ ಅಲ್ಲ. ಅದನ್ನು ನಾವು ಹಚ್ಚುವುದೇ ಕಡಿಮೆ.

ಪೆಟ್ಟಿಗೆಯಲ್ಲಿ ಬಂದ ಸಾಮಾನು ಚಳಿದೇಶದ ಮನೆಯದು. ಗೋಡೆಯಲ್ಲಿ ಬೆಂಕಿಗೂಡು, ಮೂಲೆಗೆ ಪಿಯಾನೋ, ಬಾಗಿಲ ಬಳಿ ಮಳೆಕೋಟು ತೂಗುಹಾಕುವ ಗೂಟ. ಬೇಸಿಗೆಯಲ್ಲಿ ಬಂಡೆಗಳೇ ಕಾದು ರಾತ್ರಿಯೆಲ್ಲ ಬಿಸಿ ಕಾರುವ ಈ ನಾಡಿನಲ್ಲಿ ಬೆಂಕಿಗೂಡಿನ ಮುಂದೆ ಕೂರುವವರು ಯಾರು? ಮಗಳು ಅದನ್ನು ದೇವರ ಮಾಡ ಮಾಡಿದಳು. ಪಿಯಾನೋ ಇರಬೇಕಾದಲ್ಲಿ ಬೀಸುವ ಕಲ್ಲು ಬಂತು. ಎರೆಮಣ್ಣಿನದು, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಉಳಿದ ಮುದ್ದೆಯಿಂದ ತಟ್ಟಿದ್ದು.

ಆ ಮುದ್ದೆ ಕೈಗೆ ಬಂದಾಗ ನಾವು ಹೊಸದೇನನ್ನೂ ಮಾಡುತ್ತಿಲ್ಲ ಎನ್ನುವುದು ತಿಳಿಯಿತು. ನಮ್ಮ ಕಡೆಯ ವರ್ಷವೇ ಚಿಕ್ಕದನ್ನು ಮಾಡುವ ಹಬ್ಬಗಳಿಂದ ತುಂಬಿದೆ. ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣಿನ ಎತ್ತುಗಳ ಜೋಡಿ, ಅವುಗಳ ಮುಂದೆ ಮಣ್ಣಿನದೇ ಗ್ವಾದಲಿ. ಎತ್ತಿಗೆ ಮೇವು ಬೇಕಲ್ಲ, ಅದಕ್ಕೆ ಗ್ವಾದಲಿ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ, ಗುಲಗಂಜಿ ಮತ್ತು ಕುಸುಬಿ ಕಾಳು ಚುಚ್ಚಿ ಸಿಂಗರಿಸಿದವಳು. ದೀಪಾವಳಿಯ ಪಾಡ್ಯಕ್ಕೆ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಸಗಣಿಯಿಂದ ಪಾಂಡವರನ್ನು ಮಾಡಿ, ಅವರಿಗೊಂದು ಹಟ್ಟಿ ಕಟ್ಟಿ, ಚೆಂಡುಹೂ ಉತ್ತರಾಣಿ ಕಡ್ಡಿ ಏರಿಸುತ್ತಾರೆ. ಮಹಾಭಾರತದ ಐವರಿಗೆ ಹೊಸ್ತಿಲ ಬಳಿ ಗೇಣಗಲದ ಹಟ್ಟಿ ಸಾಲುತ್ತದೆ. ಪೆಟ್ಟಿಗೆಯ ತುಂಡುಗಳಿಗೆ ಸಂಖ್ಯೆಯಿದೆ, ಇಲ್ಲಿ ಅಜ್ಜಿಯ ಬೆರಳಿಗೆ ನೆನಪಿದೆ, ಅಷ್ಟೇ ವ್ಯತ್ಯಾಸ. ಬೆರಳಿನ ನೆನಪು ದೊಡ್ಡದು ಎಂದು ನನ್ನ ಎಣಿಕೆ, ಏಕೆಂದರೆ ಅದರಲ್ಲಿ ಎರಡು ಎತ್ತು ಒಂದೇ ತರ ಆಗುವುದಿಲ್ಲ. ಹಾಗೆಂದು ಪೆಟ್ಟಿಗೆಯನ್ನು ಹೀಗಳೆಯಲಾರೆ. ನಮ್ಮ ಕೈಯನ್ನು ಮತ್ತೆ ಮಣ್ಣಿನ ಮುದ್ದೆಯ ಕಡೆಗೆ ತಂದದ್ದು ಅದೇ.

ಸುರಪುರದ ಚಿತ್ರಕಾರರೂ ಇದೇ ದಾರಿಯವರು. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಅಲ್ಲಿನ ಕಿರುಚಿತ್ರಗಳಲ್ಲಿ, ಗರುಡಾದ್ರಿ ಮನೆತನದವರ ಕುಂಚದಲ್ಲಿ, ದೇವರುಗಳು ಚಿನ್ನದ ರೇಖಿನ ಹೊಳಪಿನಲ್ಲಿ ಕೂತಿದ್ದಾರೆ. ಕಿರುಚಿತ್ರದ ಮಂಟಪ, ಅರಮನೆಗಳಿಗೆ ಎದುರಿನ ಗೋಡೆ ಇರುವುದಿಲ್ಲ ಎಂಬುದನ್ನು ಗಮನಿಸಿ. ನೋಡುವವನಿಗಾಗಿ ಅದನ್ನು ಎಂದೋ ತೆಗೆದಿಟ್ಟಿದ್ದಾರೆ. ಗೊಂಬೆಮನೆಗೂ ನಾಲ್ಕನೆಯ ಗೋಡೆಯಿಲ್ಲ. ರಾಜನಕೋಳೂರಿನ ತೆರೆದ ಗೂಡುಗಳಿಗೂ ಇಲ್ಲ.

ಗೊಂಬೆಮನೆಯ ಹುಚ್ಚು ದೊಡ್ಡವರಿಗೂ ಹಿಡಿದದ್ದಕ್ಕೆ ಯುರೋಪಿನಲ್ಲಿ ಸಾಕ್ಷಿಗಳಿವೆ. ಆಮ್‌ಸ್ಟರ್‌ಡ್ಯಾಮಿನ ಪೆಟ್ರೊನೆಲ್ಲಾ ಓರ್ಟ್‌ಮನ್ ಎಂಬ ಶ್ರೀಮಂತ ಗೃಹಿಣಿ 1686ರ ಸುಮಾರಿಗೆ ಶುರುಮಾಡಿ ವರ್ಷಗಟ್ಟಲೆ ಜೋಡಿಸಿದ ಮನೆ ಈಗ ಅಲ್ಲಿನ ರೈಕ್ಸ್ ಮ್ಯೂಸಿಯಮ್‌ನಲ್ಲಿದೆ. ಪಿಂಗಾಣಿ ಚೀನಾದಿಂದ ಬಂದದ್ದು, ಕುರ್ಚಿ ಮೇಜು ನುರಿತ ಬಡಗಿಗಳ ಕೈಯವು. ಆ ಮನೆಯನ್ನು 1710ರ ಸುಮಾರಿಗೆ ಯಾಕೊಬ್ ಆಪ್ಪೆಲ್ ಎಂಬ ಚಿತ್ರಕಾರ ತೈಲದಲ್ಲಿ ಬರೆದ. ಅವನ ಚಿತ್ರದಲ್ಲಿ ಕೋಣೆಗಳೊಳಗೆ ಮೇಣದ ಗೊಂಬೆಗಳಿವೆ. ಇಂದು ಆ ಮನೆಯಲ್ಲಿ ಅವುಗಳಲ್ಲಿ ಬಹುತೇಕ ಎಲ್ಲವೂ ಇಲ್ಲ, ಕಾಲ ಅವನ್ನು ಒಯ್ದಿದೆ. ಮನೆ ಉಳಿದಿದೆ. ಮುನ್ನೂರು ವರ್ಷದ ಮೇಲೆ ಅದರ ಮುಂದೆ ಸಾಲುಗಟ್ಟಿ ನಿಲ್ಲುವವರು ಖಾಲಿ ಕೋಣೆಗಳನ್ನೇ ನೋಡಿ ಅಚ್ಚರಿಪಡುತ್ತಾರೆ.

ಇನ್ನೊಂದು ಕತೆ ನಮಗೆ ಹತ್ತಿರದ್ದು. ದಿಲ್ಲಿಯ ಇಂದಿನ ರಾಷ್ಟ್ರಪತಿ ಭವನವನ್ನು ರೂಪಿಸಿದ ಎಡ್ವಿನ್ ಲುಟಿಯನ್ಸ್, ಆ 340 ಕೋಣೆಗಳ ಅರಮನೆಯ ಕೆಲಸ ನಡೆದಿದ್ದ ವರ್ಷಗಳಲ್ಲೇ ಇಂಗ್ಲೆಂಡಿನ ರಾಣಿ ಮೇರಿಗೆಂದು ಗೊಂಬೆಮನೆಯೊಂದನ್ನೂ ರೂಪಿಸಿದ. 1924ರಲ್ಲಿ ಮುಗಿದ ಅದು ಈಗ ವಿಂಡ್ಸರ್ ಕೋಟೆಯಲ್ಲಿದೆ. ಅಡಿಗೆ ಇಂಚಿನ ಲೆಕ್ಕ, ಅಂದರೆ ಹನ್ನೆರಡರಲ್ಲಿ ಒಂದು ಪಾಲು. ನಲ್ಲಿಯಲ್ಲಿ ನೀರು ಬರುತ್ತದೆ, ದೀಪ ಹತ್ತುತ್ತದೆ, ಲಿಫ್ಟ್ ಏರುತ್ತದೆ. ಅದರ ಗ್ರಂಥಾಲಯಕ್ಕಾಗಿ ಆರ್ಥರ್ ಕಾನನ್ ಡಾಯ್ಲ್ ಹೊಸದಾಗಿಯೇ ಒಂದು ಷರ್ಲಾಕ್ ಹೋಮ್ಸ್ ಕತೆ ಬರೆದುಕೊಟ್ಟ. ಆ ಅರಮನೆಗಾಗಿ ರೈಸಿನಾ ಗುಡ್ಡವನ್ನೇ ಬದಲಿಸುತ್ತಿದ್ದ ಕೈ ಪುಟ್ಟ ಬಾಗಿಲಿಗೆ ಬೀಗ ಕೂರಿಸುವ ಯೋಚನೆಗೆ ಬಿಡುವು ಮಾಡಿಕೊಂಡಿತು! ಸಾಮ್ರಾಜ್ಯದ ಅರಮನೆ ಕಟ್ಟುವವನಿಗೂ ತಾನು ಒಳಹೋಗಲಾರದ ಮನೆಯೊಂದು ಬೇಕಾಗಿತ್ತು ಎಂದೇ ನಾನು ತಿಳಿದಿದ್ದೇನೆ.

ಒಳಹೋಗಲಾಗದಿರುವುದರಲ್ಲೇ ಇದರ ಗುಟ್ಟಿದೆ. ನಾವಿರುವ ಮನೆಯನ್ನು ನಾವು ಕಾಣುವುದೇ ಇಲ್ಲ. ಅದರಲ್ಲಿ ಓಡಾಡುತ್ತೇವೆ, ಮಲಗುತ್ತೇವೆ, ಕೀಲಿ ಹುಡುಕುತ್ತೇವೆ. ಮನೆ ಎಂಬುದೊಂದು ಜಗತ್ತಿನಲ್ಲಿದೆ, ಗೋಡೆಗಳು ನಿಂತರೆ ಅವುಗಳ ನಡುವಿನ ಬಯಲು ಇದ್ದಕ್ಕಿದ್ದಂತೆ 'ಒಳಗೆ' ಆಗಿಬಿಡುತ್ತದೆ ಎಂಬ ವಿಸ್ಮಯ ಮೈ ಹಿಡಿಸದ ಮನೆಯ ಮುಂದೆಯೇ ಹೊಳೆಯುವುದು. ಮೂರನೆಯ ಗೋಡೆ ನಿಲ್ಲುವ ಕ್ಷಣದಲ್ಲಿ ನಾನದನ್ನು ಕಣ್ಣಾರೆ ಕಂಡೆ. ಎರಡು ಗೋಡೆ ಇದ್ದಾಗ ಅದು ಮರದ ಹಲಗೆ. ಮೂರನೆಯದು ಕೂತಿತು, ಒಳಗೆ ಎಂಬುದು ಹುಟ್ಟಿತು.

ಬೆಟ್ಟದ ಗುಡಿಗಳ ದಾರಿಯಲ್ಲಿ ಭಕ್ತರು ಕಲ್ಲಿನ ಮೇಲೆ ಕಲ್ಲಿಟ್ಟು ಹೋಗುವುದನ್ನು ಕಂಡವರು ನೀವೂ ಇರಬಹುದು. ಸ್ವಂತ ಮನೆಯಾಗಲಿ ಎಂಬ ಹರಕೆ ಅದು. ಎರಡು ಕಲ್ಲು ನಿಲ್ಲಿಸಿ ಮೂರನೆಯದನ್ನು ಅಡ್ಡ ಹಾಸುತ್ತಾರೆ, ಸೈಟಿಲ್ಲ, ಸಾಲವಿಲ್ಲ, ಗವಂಡಿಯಿಲ್ಲ. ಬಾಡಿಗೆಮನೆಯಲ್ಲಿ ಬಾಳು ಸವೆಸಿದ ಹೆಂಗಸೊಬ್ಬಳು ಹಾಗೆ ಮೂರು ಕಲ್ಲು ಜೋಡಿಸಿ, ಅದು ಬೀಳದಂತೆ ಸುತ್ತ ಚೂರುಕಲ್ಲು ಒತ್ತುವಾಗ ಅವಳ ಮುಖ ನೋಡಬೇಕು. ಅವಳಿಗೆ ಅದು ಮನೆಯ ಗುರುತಷ್ಟೇ ಅಲ್ಲ, ಅಲ್ಲಿ ಆ ಗಳಿಗೆಯಲ್ಲಿ ಅವಳ ಮನೆ ನಿಂತಿದೆ. ರೂಪದಲ್ಲಿ ಅದು ಮೋರೇರ ಮನೆಯೇ, ಗೇಣಿನ ಅಳತೆಯದು.

ಮೋರೇರ ಮನೆಗಳ ನಿಜ ಬೇರೆಯೇ ಇದೆ. ಅವು ಕಬ್ಬಿಣ ಯುಗದ ಜನ ಸತ್ತವರಿಗಾಗಿ ಕಟ್ಟಿದ ಬೃಹತ್ ಶಿಲಾ ನೆಲೆಗಳು, ಎರಡು ಸಾವಿರಕ್ಕೂ ಮಿಕ್ಕಿದ ವರ್ಷಗಳಷ್ಟು ಹಳೆಯವು. ಟೇಲರ್ ಅಗೆಸಿ ನೋಡಿದಾಗ ಮುಚ್ಚಿದ ಗೂಡುಗಳಲ್ಲಿ ಬೂದಿ, ಎಲುಬು, ಮಡಕೆಗಳು ಸಿಕ್ಕವು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡದಲ್ಲಿ ಇಂಥ ನೂರಾರು ಗೂಡುಗಳ ಊರೇ ಇದೆ, ಅಲ್ಲಿಯೂ ಜನ ಅವನ್ನು ಕರೆಯುವುದು ಮೋರೇರ ಮನೆ ಎಂದೇ. ಶಹಾಪುರದ ಪಕ್ಕದ ವಿಭೂತಿಹಳ್ಳಿಯಲ್ಲಿ ಅದೇ ಕಾಲದವರು ಗುಂಡುಗಳನ್ನು ಸಾಲುಸಾಲಾಗಿ ಇಟ್ಟುಹೋಗಿದ್ದಾರೆ. ನಿಜ ತಿಳಿದಮೇಲೆ ಕುಳ್ಳರ ಕತೆ ಸುಳ್ಳಾಯಿತೇ? ನನಗೆ ಹಾಗನ್ನಿಸುವುದಿಲ್ಲ. ಆ ಪ್ರಾಚೀನರಿಗೂ ಸತ್ತವರು ಇಲ್ಲವಾದವರಲ್ಲ, ಅವರಿಗೂ ಗೋಡೆ, ಮಾಳಿಗೆ, ಬಂದುಹೋಗಲು ಒಂದು ಕಿಂಡಿ ಬೇಕೆನಿಸಿತು. ಮೈಯಿಲ್ಲದವರಿಗೆ ಎಷ್ಟು ದೊಡ್ಡ ಮನೆ ಬೇಕು? ಕಟ್ಟಿದವರೂ ಕಾಣದ ಒಬ್ಬರಿಗಾಗಿ ಕಟ್ಟಿದರು, ಆಮೇಲೆ ಬಂದವರೂ ಕಾಣದ ಒಬ್ಬರನ್ನೇ ಒಳಗೆ ಕಂಡರು. ನಡುವಿನ ಸಾವಿರಾರು ವರ್ಷಗಳಲ್ಲಿ ಭಾಷೆ ಬದಲಾಗಿದೆ, ಅರಸರು ಬದಲಾಗಿದ್ದಾರೆ, ಗೂಡಿನ ಮುಂದೆ ನಿಂತವನ ಪ್ರಶ್ನೆ ಬದಲಾಗಿಲ್ಲ.

ಟೇಲರ್ ತನಗಾಗಿ ಸುರಪುರದ ಗುಡ್ಡದ ಮೇಲೆ 1844ರಲ್ಲಿ ಕಟ್ಟಿಸಿಕೊಂಡ ಬಂಗಲೆ ಇನ್ನೂ ಇದೆ, ಟೇಲರ್ ಮಂಜಿಲ್ ಎಂದು ಹೆಸರು. ಬಾಲಕ ಅರಸ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎಂದು ಕರೆಯುತ್ತಿದ್ದ. 1858ರಲ್ಲಿ ಆ ಅರಸ ಹರೆಯದಲ್ಲೇ ತೀರಿಕೊಂಡ. ಈಗ ಅಲ್ಲಿ ನಿಂತು ಸುತ್ತಲಿನ ಗುಡ್ಡಗಳನ್ನು ನೋಡುವವನಿಗೆ ಆ ಇಬ್ಬರೂ ಈಗಷ್ಟೇ ಎದ್ದು ಹೋದಂತೆ ತೋರುತ್ತದೆ. ಗಾತ್ರ ಎಷ್ಟಾದರೂ ಇರಲಿ, ಇದ್ದವರು ಹೋದಮೇಲೆ ಯಾವ ಮನೆಯಾದರೂ ಈ ಖಾಲಿ ಮನೆಗಳ ಸಾಲಿಗೆ ಸೇರುತ್ತದೆ.

ದೊಡ್ಡದನ್ನು ಚಿಕ್ಕದಾಗಿಸಲು ದೂರವೂ ಸಾಕು. ನಮ್ಮೂರು ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣುವುದು ಹೆದ್ದಾರಿಯಿಂದ. ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಸ್ಪಷ್ಟ. ಬೆಟ್ಟ ಹತ್ತಿದರೆ ಬುದ್ಧನಿಲ್ಲ, ಬಂಡೆ, ಕುರುಚಲು, ಬಿಸಿಲು. ದೂರವೇ ಅಲ್ಲಿ ಶಿಲ್ಪಿ, ಮೈಲಿಗಟ್ಟಲೆ ಹಬ್ಬಿದ್ದನ್ನು ಅದು ಅಂಗೈಯಗಲಕ್ಕೆ ಇಳಿಸಿಕೊಡುತ್ತದೆ. ಯಾದಗಿರಿಯ ಕೋಟೆಯ ಮೇಲಿಂದ ಕೆಳಗೆ ನೋಡಿದರೂ ಹಾಗೆಯೇ: ಮಾಳಿಗೆಗಳು, ನೀರಿನ ಟಾಕಿಗಳು, ಒಣಗಲು ಹಾಕಿದ ಬಟ್ಟೆ, ಯಾರೋ ಮೆಣಸಿನಕಾಯಿ ಹರವಿದ ಕೆಂಪು. ನಿತ್ಯ ಬೈದಾಡಿಕೊಂಡು ದಾಟುವ ಓಣಿ ಮೇಲಿಂದ ನೋಡಿದಾಗ ಮುದ್ದು ಬರುತ್ತದೆ. ಚಿಕ್ಕದಾದದ್ದರ ಮೇಲೆ ಸಿಟ್ಟು ನಿಲ್ಲುವುದಿಲ್ಲ.

ಹೊತ್ತಿಗೂ ಅಳತೆಗೂ ನಂಟಿದೆ ಎನ್ನುವವರಿದ್ದಾರೆ. 1981ರಲ್ಲಿ ಅಮೆರಿಕದ ಟೆನ್ನೆಸಿ ವಿಶ್ವವಿದ್ಯಾಲಯದ ಆಲ್ಟನ್ ಡಿಲಾಂಗ್ ಬೇರೆ ಬೇರೆ ಅಳತೆಯ ಮಾದರಿ ಕೋಣೆಗಳ ಮುಂದೆ ಜನರನ್ನು ಕೂರಿಸಿ, ಒಳಗೆ ತಾವಿದ್ದೇವೆಂದು ಭಾವಿಸಲು ಹೇಳಿ, ಅರ್ಧ ಗಂಟೆ ಆಯಿತೆನಿಸಿದಾಗ ತಿಳಿಸಿರಿ ಎಂದ. ಕೋಣೆ ಚಿಕ್ಕದಾದಷ್ಟೂ ಗಡಿಯಾರದ ಸ್ವಲ್ಪವೇ ಹೊತ್ತಿಗೆ ಅವರಿಗೆ ಅರ್ಧ ಗಂಟೆ ತುಂಬಿತು. ನಮ್ಮಲ್ಲೂ ಕಂಡದ್ದು ಅದೇ. ಕರೆಂಟು ಹೋಗಿ ಬರುವಷ್ಟರಲ್ಲಿ ಆ ಮನೆಯ ಅಡುಗೆಕೋಣೆಯಲ್ಲಿ ಒಂದು ಇಡೀ ಮಧ್ಯಾಹ್ನ ಕಳೆದು ಬಂದಿರುತ್ತೇವೆ.

ಈಗ ಪೆಟ್ಟಿಗೆಯಿಲ್ಲದೆ ಒಂದು ಮನೆ ಕಟ್ಟುವ ಯೋಚನೆ ನಡೆದಿದೆ. ಅಜ್ಜಿಯ ಊರಿನ ಮಾಳಿಗೆಮನೆ, ಮಣ್ಣಿನ ಮೇಲ್ಮುದ್ದೆಯದು, ಈಗ ಅರ್ಧ ಬಿದ್ದಿದೆ. ಬಿದ್ದ ಕಡೆ ಗೋಡೆಯ ದಪ್ಪ ಕಾಣುತ್ತದೆ, ಎರಡು ಅಡಿ. ಅಡಿಗೆ ಇಂಚಿನ ಲೆಕ್ಕ ಹಿಡಿದರೆ ಎರಡು ಇಂಚಿನ ಗೋಡೆ ಏಳಿಸಬೇಕು, ಪ್ಲೈವುಡ್ ಆಗದು, ಎರೆಮಣ್ಣಿಗೆ ಹೊಟ್ಟು ಕಲಸಿ ಏಳಿಸಬೇಕು. ತಲೆಬಾಗಿಲು ಐದಡಿಯದು, ತಲೆ ಬಾಗಿಸಿಯೇ ಒಳಗೆ ಹೋಗುತ್ತಿದ್ದೆವು, ಅದನ್ನು ಐದು ಇಂಚೇ ಇಡಬೇಕು, ಎತ್ತರಿಸಬಾರದು. ನೆಲಕ್ಕೆ ಶಹಾಬಾದ್ ಕಲ್ಲಿನ ಚೂರುಗಳನ್ನು ಉಜ್ಜಿ ಚೌಕ ಮಾಡಿಟ್ಟಿದ್ದೇವೆ. ಜಂತಿಗೆ ಬೇವಿನ ಕಡ್ಡಿ ಸಾಕಾದೀತು. ಮಾಳಿಗೆಯ ನಡುವಿನ ಬೆಳಕಿಂಡಿ ಒಂದಡಿ ಅಗಲದ್ದಿತ್ತು, ಅದು ಇಂಚಿಗೆ ಇಳಿದರೂ ಬಿಸಿಲು ಎಂದಿನಂತೆ ಬೀಳುತ್ತದೆ. ತೀರ್ಮಾನವಾಗದೆ ಉಳಿದಿರುವುದು ಪಡಸಾಲೆಯ ಮಾಡದ ಹಣತೆಯೊಂದೇ. ಬತ್ತಿಯನ್ನು ಎಷ್ಟೇ ಸಣ್ಣಗೆ ಹೊಸೆದರೂ ಉರಿ ಆ ಅಳತೆಗೆ ಇಳಿಯಲೊಲ್ಲದು, ಮಾಡ ತುಂಬಿ ಜಂತಿಯತನಕ ಏರುತ್ತದೆ. ಬ್ಯಾಟರಿಯ ದೀಪ ಇಡೋಣ ಎಂದರೆ ಮಗಳು ಒಪ್ಪುತ್ತಿಲ್ಲ. ಹೊರಗೆ ಹೋದವರು ತಿರುಗಿ ಬಂದಾಗ ಅವರೇ ಹಚ್ಚಿಕೊಳ್ಳಲಿ, ನಾವು ಎಣ್ಣೆ ಮಾತ್ರ ಹಾಕಿಡೋಣ ಎನ್ನುತ್ತಾಳೆ. ಎಣ್ಣೆಯ ಹನಿಯೂ ಹಣತೆಗಿಂತ ದೊಡ್ಡದಾಗುತ್ತದೆ. ಸೂಜಿಯ ಮೊನೆಯಿಂದ ಇಟ್ಟರೆ ಹೇಗೆ ಎಂದು ನೋಡಬೇಕು.